ಬೆಲೆಬಾಳುವ ಸೈಕಲ್ಲು, ನಲವತ್ತು ದಾಟಿದ ಹೃದಯ

(ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯ ಮಾಸಿಕ ಆರೋಗ್ಯ ಚಿಂತನೆಯಲ್ಲಿ ಆಸ್ಪತ್ರೆಯ ವೈದ್ಯರು ನೀಡಿದ ಉಪನ್ಯಾಸ)



ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಸೈಕಲ್ಲಿನ ಬಗ್ಗೆ ಡಾಕ್ಟರು ಭಾಷಣ ಮಾಡುವುದೇನಿದೆ? ನಮ್ಮ ಹಿರಿಯರು ಹಾಲಿನ ಕ್ಯಾನು ತೂಗುಹಾಕಿಕೊಂಡು, ಜೋಳದ ಚೀಲ ಕ್ಯಾರಿಯರಿಗೆ ಬಿಗಿದುಕೊಂಡು ದಿನಕ್ಕೆ ಹತ್ತು ಹದಿನೈದು ಮೈಲಿ ತುಳಿದವರು. ಅವರಿಗೆ ಯಾರೂ ಉಪನ್ಯಾಸ ಕೊಡಲಿಲ್ಲ. ಅವರ ವ್ಯಾಯಾಮ ಕಾಯಕದೊಳಗೇ ಇತ್ತು. ಆಮೇಲೆ ಮೋಟಾರ್ ಸೈಕಲ್ ಬಂತು, ಸೈಕಲ್ಲು ಹಿತ್ತಲು ಸೇರಿ ತುಕ್ಕು ಹಿಡಿಯಿತು.

ಈಗ ಅದೇ ಸೈಕಲ್ಲು ಹೊಸ ವೇಷ ತೊಟ್ಟು ಮರಳಿ ಬಂದಿದೆ. 2020ರ ಲಾಕ್‌ಡೌನ್ ಸಮಯದಿಂದ ಈಚೆಗೆ ನಮ್ಮಂಥ ಊರುಗಳಲ್ಲೂ ಭಾನುವಾರ ಬೆಳಗಿನ ಜಾವ ಹೆಲ್ಮೆಟ್ ತೊಟ್ಟ ಎಂಟು ಹತ್ತು ಜನರ ಗುಂಪು ಹೆದ್ದಾರಿಯಲ್ಲಿ ಕಾಣುತ್ತದೆ. ವಯಸ್ಸು ನಲವತ್ತೈದು, ಐವತ್ತು. ವರ್ತಕರು, ಬ್ಯಾಂಕ್ ನೌಕರರು, ಅಧ್ಯಾಪಕರು, ನನ್ನ ವೈದ್ಯಮಿತ್ರರೂ ಅವರಲ್ಲಿದ್ದಾರೆ. ಸೈಕಲ್ಲಿನ ಬೆಲೆ ಮೂವತ್ತು ಸಾವಿರದಿಂದ ಹಿಡಿದು ಲಕ್ಷ ದಾಟಿ ಹೋಗುತ್ತದೆ. ಇವರನ್ನು ಕಂಡು ಹಾಸ್ಯ ಮಾಡುವವರುಂಟು. ನಾನು ಮಾಡಲಾರೆ. ಚಿಕ್ಕಂದಿನಲ್ಲಿ ಸೀಟಿಗೆ ಕಾಲು ಎಟುಕದೆ ಬಾರಿನ ಕೆಳಗಿಂದ ಕಾಲು ತೂರಿಸಿ ಅಪ್ಪನ ಸೈಕಲ್ಲು ತುಳಿದವರು, ತಾಸಿಗೆ ಎಂಟಾಣೆ ಕೊಟ್ಟು ಬಾಡಿಗೆ ಸೈಕಲ್ಲು ತಂದವರು, ಈಗ ಕೈಯಲ್ಲಿ ನಾಲ್ಕು ಕಾಸು ಇರುವಾಗ ಆ ಆಸೆಯನ್ನು ತೀರಿಸಿಕೊಳ್ಳುತ್ತಿದ್ದಾರೆ. ಕುಡಿತಕ್ಕೆ, ಇಸ್ಪೀಟಿಗೆ ಹಾಕುವ ಹಣಕ್ಕಿಂತ ಇದು ಸಾವಿರ ಪಾಲು ಮೇಲು.

ಸೈಕಲ್ಲು ಹೃದಯಕ್ಕೆ ಒಳ್ಳೆಯದೆಂಬುದರಲ್ಲಿ ಸಂಶಯವೇ ಇಲ್ಲ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಅಂಚೆ ಇಲಾಖೆಯಲ್ಲಿಯೂ ಹಾಗೆಯೇ. ಮೇಜಿನ ಮುಂದೆ ಕೂರುವ ಗುಮಾಸ್ತರಿಗಿಂತ, ನಡೆದು ಅಥವಾ ಸೈಕಲ್ಲು ತುಳಿದು ಕಾಗದ ಹಂಚುವ ಪೋಸ್ಟ್‌ಮನ್‌ಗಳ ಹೃದಯ ಗಟ್ಟಿಯಾಗಿತ್ತು. ಆ ಪೋಸ್ಟ್‌ಮನ್ನರದು ಸರ್ಕಾರ ಕೊಟ್ಟ ಭಾರದ ಸೈಕಲ್ಲು ಎಂಬುದನ್ನು ನೆನಪಿಡಿ. ಅವರು ಅದನ್ನು ತುಳಿದದ್ದು ದಿನವೂ, ವರ್ಷಾನುಗಟ್ಟಲೆ. ಒಂದೇ ಭಾನುವಾರ ಅರವತ್ತು ಕಿಲೋಮೀಟರ್ ಅಲ್ಲ.

ಈಗ ನಾನು ಹೇಳಲು ಬಂದ ಮುಖ್ಯ ಮಾತು. ಕಳೆದ ವರ್ಷ ನಮ್ಮಲ್ಲಿಗೆ ಬಂದ ಒಬ್ಬ ಸಿಮೆಂಟ್ ವ್ಯಾಪಾರಿಯ ಸಂಗತಿ. ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ವಯಸ್ಸು 49. ತಂದೆ 52ಕ್ಕೆ ಹೃದಯಾಘಾತದಿಂದ ತೀರಿಕೊಂಡವರು. ಇವರಿಗೆ ಗುಟ್ಕಾ ಅಭ್ಯಾಸವಿತ್ತು, ರಕ್ತದೊತ್ತಡವನ್ನು ಎಂದೂ ನೋಡಿಸಿರಲಿಲ್ಲ. ಎಂಬತ್ತೈದು ಸಾವಿರ ಕೊಟ್ಟು ಸೈಕಲ್ಲು ತಂದರು, ಗುಂಪು ಸೇರಿದರು. ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ಏರು ಬಂದಾಗ ಮಾತ್ರ ಎದೆಯ ನಡುವೆ ಹಗ್ಗ ಬಿಗಿದಂತೆ, ದವಡೆ ಹಿಡಿದಂತೆ ಆಗುತ್ತಿತ್ತು. ಇಳಿದು ಎರಡು ನಿಮಿಷ ನಿಂತರೆ ಮಾಯ. ಹ್ಯಾಂಡಲ್ ತಗ್ಗಾಗಿದೆ, ಬಗ್ಗಿ ತುಳಿಯುವುದರಿಂದ ಹೀಗಾಗುತ್ತಿದೆ ಎಂದು ಅವರು ತೀರ್ಮಾನಿಸಿದರು. ಅಂಗಡಿಗೆ ಹೋಗಿ ಹ್ಯಾಂಡಲ್ ಎತ್ತರಿಸಿದರು. ಸೀಟು ಬದಲಿಸಿದರು. ಮತ್ತೊಮ್ಮೆ ಹ್ಯಾಂಡಲ್ ಬದಲಿಸಿದರು. ನಡುವೆ ಒಂದಿಷ್ಟು ದಿನ ಗ್ಯಾಸ್ ಮಾತ್ರೆಯೂ ಆಯಿತು. ಹೀಗೆ ಮೂರು ತಿಂಗಳು.

ಕೊನೆಗೆ ಮನೆಯ ಮಹಡಿ ಹತ್ತುವಾಗ ನಡುವೆ ನಿಂತು ಎದೆ ಸವರಿಕೊಂಡದ್ದನ್ನು ಅವರ ಮನೆಯವರು ನೋಡಿದರು. ಅಂದೇ ಇಲ್ಲಿಗೆ ಕರೆತಂದರು. ಆ ತಾಯಿ ನನಗೆ ಹೇಳಿದ ಮೊದಲ ಮಾತು: “ಸೈಕಲ್ಲಿಗೆ ಮೂರು ಸಲ ಸರ್ವಿಸ್ ಮಾಡಿಸ್ಯಾರ್ರೀ ಡಾಕ್ಟ್ರ, ತಮ್ಮದು ಒಮ್ಮೆರ ಮಾಡಿಸ್ಯಾರನ ಕೇಳ್ರಿ.”

ಇಸಿಜಿ ತೆಗೆದೆವು, ಸರಿಯಾಗಿಯೇ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಇವತ್ತು ಈ ಕಥೆ ಹೇಳಲು ನನಗೆ ಮನಸ್ಸಾಗುತ್ತಿರಲಿಲ್ಲ. ಆರಾಮವಾಗಿ ಮಲಗಿದ್ದಾಗ ತೆಗೆದ ಇಸಿಜಿ ಶ್ರಮದಲ್ಲಿ ಹೃದಯ ಪಡುವ ಪಾಡನ್ನು ಯಾವಾಗಲೂ ತೋರಿಸುವುದಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ನಾಲ್ಕನೆಯ ನಿಮಿಷಕ್ಕೇ ಬದಲಾವಣೆ ಕಂಡಿತು. ಆಂಜಿಯೋಗ್ರಾಂನಲ್ಲಿ ಒಂದು ಮುಖ್ಯ ರಕ್ತನಾಳ ಬಹುಪಾಲು ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿಸಿಕೊಂಡು ಈಗ ಆರಾಮವಿದ್ದಾರೆ.

ತುಳಿದಾಗ ಬಂದು, ನಿಂತಾಗ ಹೋಗುವ ನೋವು. ಇದನ್ನು ತಾವು ಮನೆಯಲ್ಲಿ ಎಲ್ಲರಿಗೂ ಹೇಳಿ. ಅದು ಎದೆಯಲ್ಲೇ ಬರಬೇಕೆಂದಿಲ್ಲ. ದವಡೆ, ಎಡಗೈ, ಬೆನ್ನಿನ ಮೇಲ್ಭಾಗ, ಹೊಟ್ಟೆಯ ಬಾಯಿ, ಎಲ್ಲಿಯೂ ಬರಬಹುದು. ‘ನೋವು’ ಎನ್ನುವಂತೆಯೂ ಇರುವುದಿಲ್ಲ, ಬಿಗಿತ, ಭಾರ, ಉರಿ ಎನ್ನುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಹಿಂದೆಂದೂ ಇಲ್ಲದ ಸುಸ್ತು ಮಾತ್ರ ಬರಬಹುದು. ನಿಂತಮೇಲೆ ಹೋಯಿತಲ್ಲ ಎಂದು ಸಮಾಧಾನ ಪಡಬೇಡಿ. ನಿಂತಮೇಲೆ ಹೋಗುವುದೇ ಅದರ ಗುರುತು. ಇನ್ನು ವಿಶ್ರಾಂತಿಯಲ್ಲೂ ಹೋಗದೆ, ಬೆವರು ಸುರಿದು, ವಾಂತಿ ಬಂದಂತಾದರೆ ಸೈಕಲ್ಲು ತುಳಿದುಕೊಂಡು ಮನೆಗೆ ಹೋಗಬಾರದು. ಅಲ್ಲೇ ಕುಳಿತು 108ಕ್ಕೆ ಫೋನು ಮಾಡತಕ್ಕದ್ದು. ಸಾವಿರಾರು ರೂಪಾಯಿಯ ಸೈಕಲ್ಲನ್ನು ರಸ್ತೆ ಪಕ್ಕ ಬಿಟ್ಟು ಹೋಗುವುದು ಹೇಗೆ ಎಂದು ಯೋಚಿಸಿದವರನ್ನು ನಾನು ಕಂಡಿದ್ದೇನೆ.

ನಮ್ಮ ಜನಕ್ಕೆ ಈ ಎಚ್ಚರ ಹೆಚ್ಚಾಗಿಯೇ ಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ, ಭಾರತ ಮತ್ತು ನೆರೆಯ ದೇಶಗಳ ಜನರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮುಂಚೆ, ಸುಮಾರು 53ರ ವಯಸ್ಸಿಗೇ ಆಗುವುದು ಕಂಡುಬಂತು. ಸೈಕಲ್ಲು ಕೊಳ್ಳುವ ವಯಸ್ಸೂ ಹೆಚ್ಚುಕಡಿಮೆ ಅದೇ. ಆದ್ದರಿಂದ ನಲವತ್ತು ದಾಟಿದವರು, ಅದರಲ್ಲೂ ತಂಬಾಕು, ಬಿ.ಪಿ., ಸಕ್ಕರೆ ಇರುವವರು, ತಂದೆ ಅಥವಾ ಅಣ್ಣತಮ್ಮಂದಿರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರು, ಸೈಕಲ್ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಬನ್ನಿ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ನೋಡೋಣ. ಟ್ರೆಡ್‌ಮಿಲ್ ಎಲ್ಲರಿಗೂ ಬೇಕಾಗದು. ಬೇಕಾದವರಿಗೆ ಹೇಳುತ್ತೇವೆ.

ಇನ್ನೊಂದು ಬಗೆಯ ತೊಂದರೆಯನ್ನೂ ನೋಡುತ್ತಿದ್ದೇನೆ. “ಸೈಕಲ್ಲು ಶುರು ಮಾಡೀನ್ರಿ, ಮಾತ್ರೆ ಬಿಟ್ಟೀನಿ” ಎಂದು ಹೆಮ್ಮೆಯಿಂದ ಹೇಳುವವರು. ಸೈಕಲ್ಲು ತುಳಿದರೆ ಸಕ್ಕರೆ, ಬಿ.ಪಿ. ಇಳಿಯುವುದು ನಿಜ. ಮಾತ್ರೆಯ ಪ್ರಮಾಣವನ್ನೂ ಇಳಿಸಬೇಕಾದೀತು. ಆದರೆ ಅದನ್ನು ಅಳೆದು ನೋಡಿ ಇಳಿಸುವುದು ವೈದ್ಯರ ಕೆಲಸ. ಇನ್ಸುಲಿನ್ ಅಥವಾ ಗ್ಲೈಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ತುಳಿಯುವಾಗಲೋ, ಕೆಲವೊಮ್ಮೆ ಆ ರಾತ್ರಿಯೋ ಸಕ್ಕರೆ ತೀರ ಇಳಿದು ನಡುಕ, ಬೆವರು, ಕಣ್ಣುಕತ್ತಲೆ ಬರಬಹುದು. ಜೇಬಿನಲ್ಲಿ ಗ್ಲೂಕೋಸ್ ಇಲ್ಲವೇ ಸಕ್ಕರೆ ಪೊಟ್ಟಣ ಇರಲಿ. ಹೊರಡುವ ಮುನ್ನ ತೊಡೆಗೆ ಇನ್ಸುಲಿನ್ ಚುಚ್ಚಬೇಡಿ. ತೊಡೆ ದುಡಿಯತೊಡಗಿದರೆ ಅದು ಬೇಗ ರಕ್ತಕ್ಕೆ ಸೇರುತ್ತದೆ. ಪಾದ ಮರಗಟ್ಟಿದವರು ಸರಿಯಾದ ಬೂಟು ಹಾಕಿ, ಮನೆಗೆ ಬಂದಮೇಲೆ ಅಂಗಾಲು ನೋಡಿಕೊಳ್ಳಿ.

ಎಷ್ಟು ತುಳಿಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಹೊಸಬರು ದಿನಕ್ಕೆ ಹದಿನೈದು ನಿಮಿಷದಿಂದ ಆರಂಭಿಸಿ ವಾರವಾರಕ್ಕೂ ಸ್ವಲ್ಪ ಏರಿಸಿದರೆ ಸಾಕು. ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ವೇಗ. ಮೆಟೊಪ್ರೊಲಾಲ್, ಅಟಿನಾಲಾಲ್ ಜಾತಿಯ ಮಾತ್ರೆ ನುಂಗುವವರು ಮುಂಗೈ ಗಡಿಯಾರ ತೋರಿಸುವ ನಾಡಿಯ ಲೆಕ್ಕ ನಂಬಬೇಡಿ. ಆ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ. ಗುಂಪಿನಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸುವ ಸವಾರಿಗಳೂ ನಡೆಯುತ್ತವೆ. ವರ್ಷಗಟ್ಟಲೆ ಅಭ್ಯಾಸವಿರುವವರು ಮಾಡಲಿ. ಮೊದಲ ತಿಂಗಳಲ್ಲೇ ಅವರ ಹಿಂದೆ ಹೋಗುವುದು ಬೇಡ.

ಯಾವ ಸೈಕಲ್ಲು ಕೊಳ್ಳಬೇಕೆಂದು ನನ್ನನ್ನು ಕೇಳುವವರಿದ್ದಾರೆ. ಹೃದಯಕ್ಕೆ ಬೇಕಾದದ್ದು ಶ್ರಮ. ಹಳೆಯ ಸೈಕಲ್ಲು ಭಾರ, ಅದೇ ಶ್ರಮಕ್ಕೆ ನಿಧಾನ ಸಾಗುತ್ತದೆ. ಕಾರ್ಬನ್ನಿನದು ಏಳೆಂಟು ಕಿಲೋ, ಬೇಗ ಸಾಗುತ್ತದೆ. ಹೃದಯಕ್ಕೆ ಸಿಗುವ ಲಾಭದಲ್ಲಿ ವ್ಯತ್ಯಾಸವಿಲ್ಲ. ಆದರೆ ಗೇರಿಗೆ ಹಣ ಹಾಕುವುದು ದಂಡವಲ್ಲ, ಏರಿನಲ್ಲಿ ಮಂಡಿ ಉಳಿಯುತ್ತದೆ. ನಮ್ಮ ಗುಂಡಿ ರಸ್ತೆಗೆ ತೆಳು ಟೈರಿಗಿಂತ ಅಗಲ ಟೈರೇ ವಾಸಿ. ಸೀಟಿನ ಎತ್ತರ ನೋಡುವ ಬಗೆ ಸುಲಭ. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ. ತೊಡೆಸಂದು ಜೋಮು ಹಿಡಿದರೆ ನಾಚಿಕೆಪಡದೆ ಹೇಳಿ. ಅದು ಸೀಟಿನ ಒತ್ತಡ, ಸರಿಪಡಿಸಬಹುದು. ಹೆಲ್ಮೆಟ್ ಮತ್ತು ಹಿಂದಿನ ಕೆಂಪು ದೀಪದ ವಿಷಯದಲ್ಲಿ ಚೌಕಾಸಿ ಇಲ್ಲ. ಮುಟ್ಟು ನಿಂತ ತಾಯಂದಿರಿಗೆ ಒಂದು ಮಾತು. ಸೈಕಲ್ಲು ಎಲುಬಿಗೆ ಭಾರ ಕೊಡುವುದಿಲ್ಲ, ಆದ್ದರಿಂದ ಅದರ ಜೊತೆ ನಡಿಗೆಯನ್ನೂ ಬಿಡಬೇಡಿ.

ಆ ಸಿಮೆಂಟ್ ವ್ಯಾಪಾರಿ ನಮ್ಮ ಅನುಮತಿ ಪಡೆದು ಮತ್ತೆ ಸೈಕಲ್ಲು ಹತ್ತಿದ್ದಾರೆ. ಗುಟ್ಕಾ ಬಿಟ್ಟಿದ್ದಾರೆ, ಮಾತ್ರೆ ಬಿಟ್ಟಿಲ್ಲ. ದಿನವೂ ಮುಕ್ಕಾಲು ಗಂಟೆ ಸಪಾಟು ರಸ್ತೆಯಲ್ಲಿ ತುಳಿಯುತ್ತಾರೆ. ಮನೆಯವರಿಗೂ ಒಂದು ಸೈಕಲ್ಲು ತಂದಿದ್ದಾರೆ, ಅದು ಏಳು ಸಾವಿರದ್ದು. ಇಬ್ಬರೂ ಜೊತೆಗೇ ಹೋಗುತ್ತಾರಂತೆ, ಯಾರದು ಮುಂದೆ ಎಂದು ನಾನು ಕೇಳಲಿಲ್ಲ.

ತಪಾಸಣೆಗೆ ಬರುವವರು ಹಿಂದಿನ ಚೀಟಿ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯ ದಿನ ಮಾತ್ರ ಸೈಕಲ್ಲು ಬೇಡ, ಬಸ್ಸಿಗೇ ಬನ್ನಿ. ರಕ್ತ ಕೊಟ್ಟಮೇಲೆ ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಹೋಗಬಹುದು.