ಕಣ್ಣಿರುವ ಗಡ್ಡೆ

ಅಡುಗೆಮನೆಯಿಂದ ಒಂದು ಆಲೂಗಡ್ಡೆ ತನ್ನಿ ಮಕ್ಕಳೇ. ತೊಳೆದು, ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ. ಅಲ್ಲಲ್ಲಿ ಸಣ್ಣ ಗುಳಿಗಳಿವೆಯಲ್ಲ, ಅವೇ ಅದರ ಕಣ್ಣುಗಳು. ಒಂದು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗಿವೆ, ಇನ್ನೊಂದು ತುದಿಯಲ್ಲಿ ವಿರಳ. ಆ ವಿರಳ ತುದಿಯಲ್ಲಿ ಹೊಕ್ಕುಳಿನಂಥ ಗುರುತು ಸಿಕ್ಕಿತೇ? ತಾಯಿಗಿಡಕ್ಕೆ ಅಂಟಿಕೊಂಡಿದ್ದ ಜಾಗ ಅದು.

ಮಣ್ಣಿನೊಳಗೆ ಬೆಳೆದರೂ ಆಲೂಗಡ್ಡೆ ಬೇರಲ್ಲ, ಉಬ್ಬಿದ ಕಾಂಡ. ಕಬ್ಬಿನ ಗೆಣ್ಣಿನಲ್ಲಿ ಮೊಗ್ಗು ಇರುವಂತೆ ಇದರ ಕಣ್ಣಿನಲ್ಲೂ ಮೊಗ್ಗುಗಳಿವೆ. ಕಬ್ಬಿನ ತುಂಡು ನೆಟ್ಟರೆ ಕಬ್ಬು ಬರುವುದಿಲ್ಲವೇ? ಇದೂ ಹಾಗೆಯೇ. ರೈತರು 'ಬಿತ್ತನೆ ಆಲೂಗಡ್ಡೆ' ಎನ್ನುವುದು ಬೀಜವನ್ನಲ್ಲ, ತಾಯಿಯ ಮೈಯ ಒಂದು ಭಾಗವನ್ನು. ಹಾಗಾಗಿ ತಾಯಿಗೆ ನಂಜುರೋಗವಿದ್ದರೆ ಮರಿಗೂ ಬರುವ ಸಂಭವ ಹೆಚ್ಚು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿ ಭೀಕರ ಬರಗಾಲ ತಂದ ಅಂಗಮಾರಿ ರೋಗವೂ ಗಡ್ಡೆಯೊಳಗೆ ಅಡಗಿ ಮುಂದಿನ ಬೆಳೆಗೆ ದಾಟಬಲ್ಲದು.

ನಮ್ಮ ಹಾಸನದ ಕಡೆ ಮುಂಗಾರಿನ ಮೊದಲ ಮಳೆಗೆ ಆಲೂಗಡ್ಡೆ ನೆಡುತ್ತಾರೆ. ಬಿತ್ತನೆ ಗಡ್ಡೆ ಬರುವುದು ಮಾತ್ರ ದೂರದ ಪಂಜಾಬಿನಿಂದ, ಲಾರಿಗಳಲ್ಲಿ. ಅಷ್ಟು ದೂರದಿಂದ ಏಕೆ? ಗಿಡದಿಂದ ಗಿಡಕ್ಕೆ ನಂಜು ಹೊತ್ತೊಯ್ಯುವುದು ಗಿಡಹೇನು ಎಂಬ ಪುಟಾಣಿ ಕೀಟ. ಪಂಜಾಬಿನ ಚಳಿಗಾಲದಲ್ಲಿ ಅದರ ಕಾಟ ಕಡಿಮೆ. ಚಳಿ ಇಳಿದು ಹೇನು ಹೆಚ್ಚುವ ಮೊದಲೇ ಅಲ್ಲಿಯವರು ಗಿಡದ ಸೊಪ್ಪನ್ನೆಲ್ಲ ಕತ್ತರಿಸಿಬಿಡುತ್ತಾರೆ. ಸೊಪ್ಪೇ ಇಲ್ಲದ ಮೇಲೆ ಹೇನು ಕೂರುವುದೆಲ್ಲಿ? ನೆಲದೊಳಗಿನ ಗಡ್ಡೆ ಬಚಾವ್!

ಮುಂಗಾರಿನವರೆಗೆ ಶೀತಲಗೃಹದಲ್ಲಿಟ್ಟು ಕಳಿಸಿದ ಈ ಬಿತ್ತನೆ ಗಡ್ಡೆ ಇನ್ನೂ ನಿದ್ದೆಯಲ್ಲಿರುತ್ತದೆ. ತಂದ ದಿನವೇ ಮಣ್ಣಿಗೆ ಹಾಕುವಂತಿಲ್ಲ. ಚೀಲ ಬಿಚ್ಚಿ, ಕೊಳೆತದ್ದು, ಗಾಯವಾದದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಬೇಕು. ಬಿಸಿಲು ಬೇಡ, ಪೂರ್ತಿ ಕತ್ತಲೆಯೂ ಬೇಡ. ಕತ್ತಲೆಯಲ್ಲಿ ಮೊಳಕೆ ಬೆಳಕು ಹುಡುಕಿಕೊಂಡು ಬಿಳಿ ದಾರದಂತೆ ಉದ್ದುದ್ದ ಬೆಳೆಯುತ್ತದೆ, ಮುಟ್ಟಿದರೆ ಮುರಿಯುತ್ತದೆ. ಮಂದ ಬೆಳಕಿನಲ್ಲಾದರೆ ಗಿಡ್ಡ, ದಪ್ಪ, ಗಟ್ಟಿ ಮೊಳಕೆ.

ಕೋಳಿಮೊಟ್ಟೆ ಗಾತ್ರದ ಗಡ್ಡೆಯನ್ನು ಇಡಿಯಾಗಿ ನೆಡುವುದೇ ಒಳ್ಳೆಯದು. ದೊಡ್ಡದನ್ನು ಕತ್ತರಿಸುತ್ತಾರೆ. ಅಡ್ಡಕ್ಕಲ್ಲ, ಉದ್ದಕ್ಕೆ. ಆಗ ಕಣ್ಣು ಒತ್ತೊತ್ತಾಗಿರುವ ತುದಿಯಲ್ಲಿ ಪ್ರತಿ ಹೋಳಿಗೂ ಪಾಲು ಸಿಗುತ್ತದೆ. ಹೋಳಿಗೆ ಎರಡು ಮೂರು ಕಣ್ಣಾದರೂ ಇರಬೇಕು. ಚಾಕುವನ್ನು ಆಗಾಗ ಔಷಧಿ ನೀರಿನಲ್ಲಿ ಅದ್ದಬೇಕು. ಇಲ್ಲದಿದ್ದರೆ ಒಂದು ರೋಗದ ಗಡ್ಡೆ ಕೊಯ್ದ ಚಾಕು ಮುಂದಿನ ಹತ್ತಾರು ಗಡ್ಡೆಗಳಿಗೆ ರೋಗ ಹಂಚುತ್ತದೆ.

ಇನ್ನು ನನಗೆ ತುಂಬ ಇಷ್ಟವಾದ ಹಂತ. ಕತ್ತರಿಸಿದ ಹೋಳುಗಳನ್ನು ಎರಡು ಮೂರು ದಿನ ನೆರಳಲ್ಲಿ ಸುಮ್ಮನೆ ಬಿಡುತ್ತಾರೆ. ನಿಮ್ಮ ಮಂಡಿ ತರಚಿದರೆ ಹೊಪ್ಪಳೆ ಕಟ್ಟುತ್ತದಲ್ಲ? ಗಡ್ಡೆಯೂ ಹಾಗೆಯೇ ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟಿಕೊಳ್ಳುತ್ತದೆ. ಬಾಟಲಿಯ ಬೆಂಡಿನಲ್ಲಿ ನೀರು ತಡೆಯುವ ವಸ್ತುವೇ ಈ ಸಿಪ್ಪೆಯಲ್ಲೂ ಇದೆ. ಹಸಿಹೋಳನ್ನು ರಾಶಿ ಹಾಕಿದರೆ ಅಥವಾ ನೇರವಾಗಿ ಒದ್ದೆ ಮಣ್ಣಿಗಿಟ್ಟರೆ ಕೊಳೆಯುವುದು ಸುಲಭ. ಸಣ್ಣ ರೈತನಿಗೆ ಬಿತ್ತನೆ ಗಡ್ಡೆಯದೇ ದೊಡ್ಡ ಖರ್ಚು, ಕೊಳೆತರೆ ಆ ದುಡ್ಡೂ ಮಣ್ಣುಪಾಲು.

ನೀವೂ ಮಾಡಿ ನೋಡಿ. ಮೊಳಕೆ ಇಣುಕುತ್ತಿರುವ ಎರಡು ಆಲೂಗಡ್ಡೆ ತಗೊಳ್ಳಿ. ಒಂದನ್ನು ಮುಚ್ಚಿದ ಡಬ್ಬಿಯಲ್ಲಿಡಿ, ಇನ್ನೊಂದನ್ನು ಬಿಸಿಲು ಬೀಳದ ಕಿಟಕಿಯ ಬಳಿ. ಎರಡು ಮೂರು ವಾರ ಬಿಟ್ಟು ಎರಡರ ಮೊಳಕೆಯನ್ನೂ ಸ್ಕೇಲಿನಿಂದ ಅಳೆಯಿರಿ. ಕಿಟಕಿಯ ಬಳಿಯದು ಹಸಿರಾಗಿರುತ್ತದೆ. ಹಸಿರಾದ ಆಲೂಗಡ್ಡೆಯಲ್ಲಿ ವಿಷ ಹೆಚ್ಚುತ್ತದೆ, ಅಮ್ಮನಿಗೆ ಪಲ್ಯಕ್ಕೆ ಕೊಡಬೇಡಿ. ನೆಡಲು ಮಾತ್ರ ಅದೇ ಚೆನ್ನ. ಒಂದು ಹಳೆಯ ಬಕೆಟ್ಟಿನ ತಳಕ್ಕೆ ತೂತು ಹಾಕಿಸಿ, ಮಣ್ಣು ತುಂಬಿ, ಮೊಳಕೆ ಮೇಲಕ್ಕಿರುವಂತೆ ಹೂಳಿಬಿಡಿ.