ಜನರೇಟರ್ ಹೊರಗಿರಲಿ, ಲೆಕ್ಕ ಕೈಯಲ್ಲಿರಲಿ

(ಕಲಿಕಾ ಕೇಂದ್ರದಲ್ಲಿ ಮಾಡಿದ ಮಾತು)

ನಮ್ಮ ಕಾಸರಗೋಡಿನಲ್ಲಿ ಎಲ್ಲಿ ನೋಡಿದರೂ ಮನೆ ಕಟ್ಟುವ ಕೆಲಸ. ಕೆಂಪುಕಲ್ಲು ಕೊಯ್ಯಲು ಕಟ್ಟರ್ ಬೇಕು. ಗೋಡೆ ಕೊರೆಯಲು ಡ್ರಿಲ್ ಬೇಕು. ಕಂಬಿ ತುಂಡು ಮಾಡಲು ಗ್ರೈಂಡರ್ ಬೇಕು. ಗುಡ್ಡೆಯ ಮೇಲಿನ ಹೊಸ ಜಾಗಕ್ಕೆ ಕರೆಂಟ್ ಬಂದಿರುವುದಿಲ್ಲ. ಬಂದ ಕಡೆಯಲ್ಲೂ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ. ಆಗ ಪೆಟ್ರೋಲ್ ಜನರೇಟರನ್ನು ಬಾಡಿಗೆಗೆ ತರುತ್ತೇವೆ. ಇವತ್ತು ಅದರ ವಿಷಯ ಮಾತಾಡೋಣ.

ನಮ್ಮ ಮನೆಯದ್ದೇ ಒಂದು ಸಂಗತಿ ಹೇಳುತ್ತೇನೆ. ಅಣ್ಣ ಮನೆ ಕಟ್ಟಿಸುವಾಗ ಜೋರು ಮಳೆ. ನೆನೆಯಬಾರದು ಅಂತ ಜನರೇಟರನ್ನು ಒಳಗಿನ ಕೋಣೆಯಲ್ಲಿ ಇಟ್ಟರು. ಕಿಟಕಿಗಳು ತೆರೆದಿವೆ, ಗಾಳಿ ಬರುತ್ತದಲ್ಲ ಅಂದುಕೊಂಡರು. ಅರ್ಧ ಗಂಟೆಯಲ್ಲಿ ಕೆಲಸದವರಿಗೆ ತಲೆನೋವು, ವಾಂತಿ. ಒಬ್ಬರು ಕುಸಿದು ಬಿದ್ದರು. ಕೂಡಲೇ ಹೊರಗೆ ತಂದು ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು.

ಇದು ಯಾಕೆ ಆಯಿತು? ಪೆಟ್ರೋಲ್ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಪ್ರಾಣವಾಯು ಇರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಕಿಟಕಿ ತೆರೆದರೆ ಸಾಲದು. ಜನರೇಟರನ್ನು ಕೋಣೆಯಲ್ಲಿ, ಜಗಲಿಯಲ್ಲಿ, ಶೆಡ್ಡಿನಲ್ಲಿ ಇಡಲೇಬಾರದು. ಮನೆಯಿಂದ 20 ಅಡಿಗಿಂತ ದೂರ ಇಡಿ. ಹೊಗೆ ಕೊಳವೆ ಬಾಗಿಲ ಕಡೆಗೆ ಇರಬಾರದು. ಮಳೆ ಬಂದರೆ ನಾಲ್ಕು ಕಂಬದ ಮೇಲೆ ಶೀಟು ಹಾಕಿ. ನಾಲ್ಕೂ ಕಡೆ ತೆರೆದಿರಲಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗಿನ ಗಾಳಿಗೆ ತನ್ನಿ. ಮತ್ತೆ 108ಕ್ಕೆ ಫೋನ್ ಮಾಡಿ.

ಇನ್ನು ಲೆಕ್ಕ. ಜನರೇಟರಿನ ಮೇಲೆ ಒಂದು ತಗಡು ಉಂಟು. ಅದರಲ್ಲಿ ‘2 ಕೆವಿಎ’ ಎಂದು ಇಂಗ್ಲಿಷಿನಲ್ಲಿ ಇದೆ ಅಂತ ಇಟ್ಟುಕೊಳ್ಳಿ. ಅಂದರೆ 2000. ಇದರಲ್ಲಿ 10ಕ್ಕೆ 8 ಪಾಲು ಹಿಡಿಯಿರಿ. 1600 ವಾಟ್ ಆಯಿತು. ಇನ್ನು ಮೆಷಿನ್‌ಗಳ ತಗಡು ನೋಡಿ. ಅಂಕೆಯ ಪಕ್ಕದಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಇರುತ್ತದೆ. ಅದೇ ವಾಟ್. ಕಟ್ಟರ್ 1200, ಗ್ರೈಂಡರ್ 800 ಇದ್ದರೆ ಕೂಡಿಸಿ. 2000! ಎರಡನ್ನೂ ಒಟ್ಟಿಗೆ ಓಡಿಸಲು ಆಗುವುದಿಲ್ಲ. ಒಂದೊಂದಾಗಿ ಓಡಿಸಿ. ಮೋಟಾರು ಶುರುವಾಗುವ ಕ್ಷಣಕ್ಕೆ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಆದ್ದರಿಂದ ಸ್ವಲ್ಪ ಬಾಕಿ ಇರಲೇಬೇಕು. ಭಾರ ಹೆಚ್ಚಾದರೆ ವೋಲ್ಟೇಜ್ ಇಳಿದು ಮೆಷಿನ್ ಬಿಸಿಯಾಗುತ್ತದೆ, ಸುಟ್ಟೂ ಹೋಗುತ್ತದೆ.

ವಯರ್ ದಪ್ಪದ್ದಿರಲಿ. ಸುರುಳಿ ಪೂರ್ತಿ ಬಿಚ್ಚಿ, ಸುತ್ತಿದ ವಯರ್ ಒಳಗೇ ಕಾಯುತ್ತದೆ. ಒಡೆದ ಪ್ಲಗ್ ಬೇಡ. ಜೋಡಣೆ ನೀರಲ್ಲಿ ಬೀಳದಿರಲಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಅರ್ತ್ ಕೊಡುವ ಕೆಲಸ ಇಲೆಕ್ಟ್ರಿಷಿಯನ್ ಮಾಡಲಿ.

ಪೆಟ್ರೋಲ್ ಹಾಕಬೇಕೇ? ಇಂಜಿನ್ ನಿಲ್ಲಿಸಿ, ತಣಿಯಲು ಬಿಡಿ. ಬಿಸಿ ಸೈಲೆನ್ಸರ್ ಮೇಲೆ ಚೆಲ್ಲಿದರೆ ಬೆಂಕಿ ಹಿಡಿಯಬಹುದು. ಬೀಡಿ, ಸಿಗರೇಟು ಹತ್ತಿರ ಬೇಡ.

ಕೊನೆಯದು ಬಹಳ ಮುಖ್ಯ. ಜನರೇಟರಿನ ವಯರನ್ನು ಮನೆಯ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವವರು ಇದ್ದಾರೆ. ಇದು ಕೊಲೆಗೆ ಸಮಾನ. ಆ ಕರೆಂಟ್ ಲೈನಿಗೆ ಹಿಂದಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ನಮಗೆ 230 ಕೊಡುತ್ತದೆ. ಹಿಂದಕ್ಕೆ ಹೋದರೆ 230 ಏರಿ ಮತ್ತೆ 11,000 ಆಗಬಹುದು. ಮಳೆಯಲ್ಲಿ ನಮಗೋಸ್ಕರ ಕಂಬ ಹತ್ತಿದ ಲೈನ್‌ಮನ್ ಅಣ್ಣ ಲೈನ್ ಆಫ್ ಇದೆ ಅಂತ ನಂಬಿರುತ್ತಾನೆ. ಅವನಿಗೂ ಮನೆ ಉಂಟು, ಮಕ್ಕಳಿದ್ದಾರೆ. ಮೆಷಿನ್ ಪ್ಲಗ್ಗನ್ನು ನೇರ ಜನರೇಟರಿಗೇ ಹಾಕಿ. ಲೈನ್ ಹೋದರೆ 1912ಕ್ಕೆ ಫೋನ್ ಮಾಡಿ ಕೆಎಸ್‌ಇಬಿಗೆ ತಿಳಿಸಿ.

ಮೊದಲು ತಗಡಿನ ಮೇಲಿನ ಅಂಕೆ ನಮಗೆ ಬರೀ ಗೆರೆಯಾಗಿತ್ತು. ಈಗ ಓದಲು ಬರುತ್ತದೆ, ಕೂಡಿಸಲು ಬರುತ್ತದೆ. ನಾಳೆ ಬರುವಾಗ ನಿಮ್ಮ ಮನೆಯ ಮಿಕ್ಸಿ, ಪಂಪು, ಡ್ರಿಲ್ಲಿನ ವಾಟ್ ಎಷ್ಟು ಅಂತ ಪುಸ್ತಕದಲ್ಲಿ ಬರೆದು ತನ್ನಿ. ಒಟ್ಟಿಗೆ ಕೂಡಿಸಿ ನೋಡೋಣ.