ಒಂದೇ ನಂಬರ್, ಎರಡು ಅಂಗಡಿ: ನಿಮ್ಮ ‘ಹೂಂ’ ಯಾರಿಗೆ ಹೋಗ್ತದ?

ವಾಟ್ಸ್‌ಆ್ಯಪ್ ಕಾಲದಾಗ ಎಸ್‌ಎಂಎಸ್ ಯಾರು ನೋಡ್ತಾರ ಅಂತೀರಿ. ಆದ್ರ ಒಟಿಪಿ, ಬ್ಯಾಂಕು, ಪರೀಕ್ಷೆ ರಿಸಲ್ಟು ಬರೋದು ಅಲ್ಲೇ. ಅದಕ್ಕೇ ಇವತ್ತು ಎಸ್‌ಎಂಎಸ್ ಬಗ್ಗೆ ಮಾತಾಡ್ತೀನಿ.

ಹಿಂಗ ಅಂದ್ಕೊಳ್ರಿ. ಹುಮನಾಬಾದಿನಾಗ ಒಂದು ರಕ್ತಪರೀಕ್ಷೆ ಲ್ಯಾಬ್, ಬಸವಕಲ್ಯಾಣದಾಗ ಒಂದು ಗ್ಯಾರೇಜ್. ಖರ್ಚು ಉಳೀಲಿ ಅಂತ ಇಬ್ಬರೂ ಉತ್ತರ ತರಿಸ್ಕೊಳ್ಳೋದು ಒಂದೇ ನಂಬರಿಗೆ. ಬೆಳಿಗ್ಗೆ ಲ್ಯಾಬ್ ಕೇಳ್ತದ: ‘ನಾಳೆ 8ಕ್ಕೆ ಬರ್ತೀರಾ?’ ಮಧ್ಯಾಹ್ನ ಗ್ಯಾರೇಜ್ ಕೇಳ್ತದ: ‘ಕ್ಲಚ್ ಪ್ಲೇಟ್ ಬದಲಿಸಬೇಕು, ಮಾಡಲೇ?’ ಸಂಜೆ ನೀವು ಲ್ಯಾಬಿಗೆ ಅಂತ ‘ಹೂಂ’ ಕಳಿಸ್ತೀರಿ. ಆ ಕಡೆ ಕ್ಲಚ್ ಬದಲಾಗ್ತದ, ಬಿಲ್ ಬರ್ತದ!

ಯಾಕ? ಮಷಿನ್‌ಗೆ ಕಾಣೋದು ಮೂರೇ: ನಿಮ್ಮ ನಂಬರ್, ನೀವು ಕಳಿಸಿದ ನಂಬರ್, ಬರೆದ ಅಕ್ಷರ. ನಿಮ್ಮ ಮನಸ್ಸು ಕಾಣೋದಿಲ್ಲ. ಹಂಗಾಗಿ ಕೆಲವು ಕಡೆ ‘ಇವರಿಗೆ ಕೊನೆಗೆ ಮೆಸೇಜ್ ಹಾಕಿದ್ದು ಯಾರು’ ಅಂತ ನೋಡಿ ಅವರಿಗೇ ಉತ್ತರ ದಾಟಿಸ್ತಾರ. ಒಬ್ಬರೇ ಕೇಳಿದ್ರ ಸರಿ, ಇಬ್ಬರು ಕೇಳಿದ್ರ ಗೊಂದಲ.

ಇನ್ನೊಂದು ದಾರಿ ಕೀವರ್ಡ್, ಅಂದ್ರ ಮೊದಲ ಪದ. ಎಸ್ಸೆಸ್ಸೆಲ್ಸಿ ರಿಸಲ್ಟಿಗೆ 56263 ನಂಬರ್ ನೆನಪದಲ್ರಿ? ಇಂಗ್ಲಿಷಿನಾಗ ಕೆ, ಎ, ಆರ್, ಪಕ್ಕಕ್ಕ 10, ಜಾಗ ಬಿಟ್ಟು ನೋಂದಣಿ ಸಂಖ್ಯೆ. ಪಿಯುಸಿಗೆ 12. ಉತ್ತರ ಪ್ರದೇಶದ ಮಕ್ಕಳೂ ಇದೇ ನಂಬರಿಗೆ ಯು, ಪಿ, 10 ಅಂತ ಕಳಿಸ್ತಿದ್ರು. ನಂಬರ್ ಒಂದೇ, ಮೊದಲ ಪದವೇ ವಿಳಾಸ. ಬರೀ ನೋಂದಣಿ ಸಂಖ್ಯೆ ಕಳಿಸಿದ್ರ ಯಾವ ಬೋರ್ಡ್ ಅಂತ ಮಷಿನ್ ಹೆಂಗ ತಿಳೀಬೇಕು?

ಇನ್ನೊಂದು ಮಾತು. ಬ್ಯಾಂಕಿನ ಮೆಸೇಜ್ ಬರೋದು ನಂಬರಿನಿಂದಲ್ಲ, ಅಕ್ಷರದ ಹೆಸರಿನಿಂದ. ಅದಕ್ಕ ರಿಪ್ಲೈ ಹೋಗೋದೇ ಇಲ್ಲ. 2025ರಿಂದ ಆ ಹೆಸರಿನ ಕೊನೆಗೆ ಒಂದು ಅಕ್ಷರ ಇರ್ತದ: ಪಿ ಅಂದ್ರ ಜಾಹೀರಾತು, ಎಸ್ ಸೇವೆ, ಟಿ ವ್ಯವಹಾರ, ಜಿ ಸರ್ಕಾರ. ಜಾಹೀರಾತು ಸಾಕಾಯ್ತು ಅಂದ್ರ 1909ಕ್ಕೆ ದೂರು ಕೊಡ್ರಿ. ಅದೂ ಎಲ್ಲಾ ಕಂಪನಿಗಳಿಗೂ ಒಂದೇ ನಂಬರ್, ಆದ್ರ ನಿಮ್ಮ ಸಿಮ್ ಯಾವುದೋ ಆ ಕಂಪನಿಗೇ ಮುಟ್ಟತದ.

ಹಂಗಾಗಿ ನಾ ಹೇಳೋದು ಇಷ್ಟೇ. ಗ್ರಾಹಕರಾದ್ರ ಬರೀ ‘ಹೂಂ’ ಬ್ಯಾಡ, ಅವರು ಕೊಟ್ಟ ಪದವನ್ನೇ ಮೊದಲು ಬರೀರಿ. ರೊಕ್ಕದ ಮಾತಿದ್ರ ಫೋನ್ ಮಾಡ್ರಿ. ಅಂಗಡಿ ನಿಮ್ಮದಾದ್ರ, ಉತ್ತರ ಬೇಕಾದ ಕೆಲಸಕ್ಕ ಸ್ವಂತ ನಂಬರ್ ಇಟ್ಕೊಳ್ರಿ. ಒಂದು ತಪ್ಪು ಕ್ಲಚ್ ಪ್ಲೇಟಿಗಿಂತ ಒಂದು ಸಿಮ್ ಸೋವಿ.

ಮತ್ತ ಸಿಗೋಣ್ರಿ.